ರುಚಿ ಹೋದ ಮೇಲೆ

ಅಡರಕಟ್ಟಿ
೮ ಡಿಸೆಂಬರ್ ೧೯೮೧, ಮಂಗಳವಾರ

ಅರಳೆ ಹಿಂಜಿ ಎರಡು ಗಾದಿ ಹೊಲಿದೆ. ಜ್ವರ ಬಿಟ್ಟು ವಾರವಾಯಿತು, ನಾಲಗೆ ಮಾತ್ರ ಇನ್ನೂ ಸತ್ತಂತಿದೆ. ಮೂಗೂ ಅದರ ಜೊತೆಗೇ ಹೋಗಿದೆ. ಬೆಳ್ಳುಳ್ಳಿ ಎಸಳು ಕಚ್ಚಿ ನೋಡಿದೆ — ಬರೀ ಉರಿ. ಅರಳೆಯ ದೂಳು ಕಾರಣವೇ? ಹುಟ್ಟಿದಾಗಿನಿಂದ ಅದೇ ದೂಳಿನಲ್ಲಿದ್ದೇನೆ. ಲಕ್ಷ್ಮೇಶ್ವರದ ಡಾಕ್ಟರು, "ಬಂದ್ರ ಬರ್ತೈತಿ, ಮಲಂಗಸಾಬ. ಕೆಲವ್ರಿಗೆ ಬರೂದ ಇಲ್ಲ" ಎಂದರು. ಇಷ್ಟು ನಾನೂ ಹೇಳುತ್ತಿದ್ದೆ.

ಹೆಂಡತಿ ಫಕೀರಬಿಗೆ ತಿಳಿಸಿಲ್ಲ. ತಿಳಿದರೆ ತಾನೂ ಊಟ ಬಿಡುತ್ತಾಳೆ. ಓಣಿಯ ಹೆಂಗಸರೆಲ್ಲ ಕಷಾಯ ಹಿಡಿದು ಬಾಗಿಲಿಗೆ ಬರುತ್ತಾರೆ.

ಊಟಕ್ಕೆ ಕೂತಾಗ ಎಂದಿನಂತೆ ಕೇಳಿದಳು, "ಹೆಂಗೈತ್ರಿ?" ಎಂದಿನಂತೆ ತಪ್ಪು ಹುಡುಕಹೋದೆ. ಸಿಗಲಿಲ್ಲ. "ಚಲೋ ಐತಿ" ಎಂದುಬಿಟ್ಟೆ. ಸೌಟು ಹಿಡಿದು ಹಾಗೇ ನಿಂತಳು. ಮದುವೆಯಾದ ಮೇಲೆ ಈ ಮಾತು ಕೇಳಿದ್ದು ಇದೇ ಮೊದಲಂತೆ. ಆ ಮುಖ ನೋಡಿದ ಮೇಲೆ ನಿಜ ಹೇಳುವುದು ಹೇಗೆ?

೧೧ ಡಿಸೆಂಬರ್

ದಿನಾ ಬರೀ "ಚಲೋ ಐತಿ" ಅಂದರೆ ಅನುಮಾನ ಬರುತ್ತದೆ. ಏನು ಚಲೋ ಅಂತ ಹೇಳಬೇಕಲ್ಲ... ಅದಕ್ಕೇ ಒಲೆಯ ಹತ್ತಿರ ಕೂತು ನೋಡಿದೆ. ರೊಟ್ಟಿ ಬಡಿಯುವಾಗ ಒಂದು ಕೈ ಬಡಿಯುತ್ತದೆ, ಇನ್ನೊಂದು ಸದ್ದಿಲ್ಲದೆ ತಿರುಗಿಸುತ್ತದೆ. ರೊಟ್ಟಿ ತಾನಾಗಿಯೇ ಸುತ್ತುತ್ತಿದೆ ಅನ್ನಿಸುತ್ತದೆ. ಇಷ್ಟು ವರ್ಷ ತಿಂದದ್ದೇ ಬಂತು.

"ಅಂಚು ಒಡೀದಂಗ ಹೆಂಗ ಬಡೀತಿ?"

"ಬಿಸಿನೀರು ಹಾಕಿ ನಾದಬೇಕ್ರಿ. ಯಾಕ, ನಾಳಿಂದ ನೀವ ಬಡಿಯಾವ್ರೇನು?"

ನಕ್ಕಳು. ನನಗೂ ನಗು ಬಂತು.

೧೬ ಡಿಸೆಂಬರ್

ಒಂದು ಉಪಾಯ ಸಿಕ್ಕಿದೆ. ಮೊದಲ ತುತ್ತು ಮಗಳು ಗೌಸಬಿ ತಿನ್ನಲಿ ಎಂದು ಕಾಯುತ್ತೇನೆ. ಹಿಡಿಸಿದರೆ ಅವಳ ಕಾಲಿನ ಹೆಬ್ಬೆರಳು ಆಡುತ್ತದೆ. ಮೊಸರಿನ ಕೆನೆ ಬಾಯಿಗಿಟ್ಟರೆ ಕಣ್ಣೇ ಮುಚ್ಚುತ್ತಾಳೆ. ನೋಡಿ ನನ್ನ ಬಾಯಲ್ಲೂ ನೀರು ಬಂತು. ರುಚಿಯೇ ಇಲ್ಲದ ಬಾಯಿಗೆ ನೀರೇಕೆ ಬರುತ್ತದೆ? ಡಾಕ್ಟರನ್ನು ಕೇಳಬೇಕು.

ಫಕೀರಬಿ ಈಗ ಕೆಲಸ ಮಾಡುತ್ತ ಏನೋ ಗುನುಗುತ್ತಾಳೆ. ಖುಷಿಯಾಗುತ್ತದೆ. ಭಯವೂ ಆಗುತ್ತದೆ. ಇದೆಲ್ಲ ಸುಳ್ಳೆಂದು ತಿಳಿದ ದಿನ?

೨೬ ಡಿಸೆಂಬರ್, ಎಳ್ಳಮಾಸಿ

ಪಕ್ಕದ ಮನೆಯ ಅನ್ನಪೂರ್ಣವ್ವ, ಕೊಟ್ರಪ್ಪ ಪ್ರತಿವರ್ಷದಂತೆ ತಮ್ಮ ಹೊಲಕ್ಕೆ ಕರೆದಿದ್ದರು. ಕೊಟ್ರಪ್ಪ ಜೋಳದ ಬೆಳೆಯೊಳಗೆ ಚರಗ ಚೆಲ್ಲಿದ. ಮೊದಲ ತುತ್ತು ಭೂಮಿಗೆ, ಆಮೇಲೆ ನಮಗೆ. ಭೂಮಿ ಇದುವರೆಗೆ ಉಪ್ಪು ಕಡಿಮೆ ಅಂದದ್ದಿಲ್ಲ.

ಗೌಸಬಿ ದೂರ ಹುಡುಗಿಯರ ಜೊತೆ ಕೂತಿದ್ದಳು. ನಾನು ಗಾಳಿಗೆ ತೂಗುವ ತೆನೆ ನೋಡುತ್ತ, ಫಕೀರಬಿ ಮಾಡಿ ತಂದ ಬದನೆಕಾಯಿ ತಿಂದು, "ಇಂಥಾದ್ದು ಎಂದೂ ಆಗಿದ್ದಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಅಂದೆ. ಕೊಟ್ರಪ್ಪ ಮೆಲ್ಲಗೆ ಚಟ್ನಿಯ ಕಡೆ ಕೈ ಚಾಚಿದ.

ಮನೆಗೆ ಬಂದ ಮೇಲೆ ಫಕೀರಬಿ ಅಂದಳು, "ಉಪ್ಪ ಹಾಕೂದ ಮರ್ತಿದ್ದೆ. ನಿಮಗ ರುಚಿ ಹತ್ತವಲ್ದು, ಹೌದಿಲ್ರಿ?"

ಒಪ್ಪಿಕೊಂಡೆ.

"ನನಗ ಮೊದ್ಲ ಗೊತ್ತಾಗಿತ್ತು. ತುತ್ತು ಇಡೂಕಿಂತ ಮುಂಚೆ ಗೌಸಬಿ ಮಾರಿ ನೋಡತಿದ್ರಿ."

"ಮತ್ತ ಯಾಕ ಸುಮ್ನಿದ್ದಿ?"

"ಕೇಳಿದ್ರ ಹೊಗಳೂದು ನಿಂತೀತಂತ."

ರುಚಿಯ ಮಾತು ಸುಳ್ಳಾದರೂ ರೊಟ್ಟಿ ಬಡಿಯುವ ಅವಳ ಕೈ ಮೆಚ್ಚಿದ್ದು ಖರೆ ಎಂದು ಹೇಳಿದೆ. "ಇರಲಿ ಬಿಡ್ರಿ" ಅಂದಳು.

೩ ಜನವರಿ ೧೯೮೨

"ಹೆಂಗೈತ್ರಿ" ಅಂತ ಕೇಳುವುದನ್ನೇ ಬಿಟ್ಟಿದ್ದಾಳೆ. ಬಡಿಸಿ ಒಳಗೆ ಹೋಗುತ್ತಾಳೆ. ನಾಲಗೆ ಹೋದದ್ದಕ್ಕಿಂತ ಇದೇ ಹೆಚ್ಚು ಕಷ್ಟವಾಗಿದೆ.

೯ ಜನವರಿ, ಬೆಳಿಗ್ಗೆ

ಪುಂಡಿಪಲ್ಯ, ಬಿಸಿ ರೊಟ್ಟಿ. ನಾಲಗೆಯ ತುದಿಯಲ್ಲಿ ಏನೋ ಚುಳ್ ಎಂದಿತು. ಹುಳಿ! ಸುಮ್ಮನೆ ಕೂತು ಇನ್ನೊಂದು ತುತ್ತು ಇಟ್ಟೆ. ಹುಳಿಯ ಹಿಂದೆ ಬೆಳ್ಳುಳ್ಳಿ. ಅದರ ಹಿಂದೆ —

"ಉಪ್ಪ ಹೆಚ್ಚಾಗೇತಿ." ಬಾಯಿಂದ ತಾನಾಗಿ ಬಂತು.

ಫಕೀರಬಿ ಒಲೆಯ ಮುಂದಿನಿಂದ ತಿರುಗಿದಳು. "ಏನಂದ್ರಿ?"

"ಉಪ್ಪ..."

"ಇನ್ನೊಮ್ಮೆ ಅನ್ರಿ."

ಅಂದೆ. ಕಣ್ಣಲ್ಲಿ ನೀರು ತುಂಬಿಕೊಂಡು, ಹಿಟ್ಟಿನ ಕೈಯಲ್ಲೇ ಪಕ್ಕದ ಮನೆಗೆ ಓಡಿದಳು. "ಅನ್ನಪೂರ್ಣವ್ವಾ, ನಮ್ಮ ಮನಿಯವ್ರು ಅಡಗಿಗೆ ಹೆಸರಿಟ್ರವ್ವಾ, ಉಪ್ಪ ಹೆಚ್ಚಾತಂದ್ರು" ಅನ್ನುವುದು ಇಲ್ಲಿಗೂ ಕೇಳಿಸಿತು.

ಎಡಗೈಯಲ್ಲಿ ರೊಟ್ಟಿ, ಬಲಗೈಯಲ್ಲಿ ಪೆನ್ನು. ಇಬ್ಬರೂ ಬರುತ್ತಿದ್ದಾರೆ. ಅನ್ನಪೂರ್ಣವ್ವನ ಎದುರಿಗೇ ಹೇಳಿಬಿಡಬೇಕು, ಉಪ್ಪು ಹೆಚ್ಚಾದರೂ ಈ ಪಲ್ಯ —