ನಿಂತವರಿಗೆ ಅಂಕ, ದುಡಿದವಳಿಗೆ ಗೈರು

ಮಾನ್ಯ ಮೌಲ್ಯಮಾಪನ ಕುಲಸಚಿವರೇ,

ಮೂವರು ಸೇರಿ ಮಾಡಿದ ಪ್ರಾಜೆಕ್ಟ್ ಒಂದರಲ್ಲಿ, ಅದನ್ನು ಹೆಚ್ಚುಕಡಿಮೆ ಪೂರ್ತಿ ಕಟ್ಟಿದ ಹುಡುಗಿಯನ್ನೇ ತಾವು ಫೇಲು ಮಾಡಿದ್ದೀರಿ. ಅವಳ ದುಡಿಮೆಗೆ ಉಳಿದಿಬ್ಬರಿಗೆ ಭರ್ಜರಿ ಅಂಕ ದಯಪಾಲಿಸಿದ್ದೀರಿ. ಈ ಅನ್ಯಾಯದಲ್ಲಿ ನನ್ನ ಕೈಯೂ ಇದೆ. ಅದಕ್ಕೇ ಇದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಬಿಸಿಎ ಕೊನೆಯ ವರ್ಷದ ಗುಂಪು ಪ್ರಾಜೆಕ್ಟ್‌ಗಳು ಇನ್ನು 'ಅಜೈಲ್' ಪದ್ಧತಿಯಲ್ಲಿ ನಡೆಯತಕ್ಕದ್ದು ಎಂದು ತಮ್ಮ ಸುತ್ತೋಲೆ ಬಂದಾಗ ನಾನು ಖುಷಿಪಟ್ಟವನೇ. ಕೆಲಸವನ್ನು ಎರಡೆರಡು ವಾರದ ತುಂಡು ಮಾಡಿಕೊಂಡು, ಆದಷ್ಟನ್ನು ಬಳಸುವವರಿಗೆ ತೋರಿಸಿ, ಅವರು ಹೇಳಿದಂತೆ ತಿದ್ದುತ್ತ ಹೋಗುವ ಒಳ್ಳೆಯ ಪದ್ಧತಿ ಅದು. ಆದರೆ ಸುತ್ತೋಲೆಯನ್ನು ಪೂರ್ತಿ ಓದಿದಾಗ ಕಂಡದ್ದೇನು? ಬೆಳಿಗ್ಗೆ ಒಂಬತ್ತೂಕಾಲಿಗೆ ತಂಡದವರು ನಿಂತು ನಡೆಸುವ 'ಸ್ಟ್ಯಾಂಡ್‌ಅಪ್' ಸಭೆಯ ಹಾಜರಿಗೆ ಐವತ್ತರಲ್ಲಿ ಮೂವತ್ತು ಅಂಕ, ಕೆಲಸಕ್ಕೆ ಬರೀ ಇಪ್ಪತ್ತು. ಒಮ್ಮೆ ಒಪ್ಪಿದ ಯೋಜನೆ ಬದಲಿಸಿದರೆ ಐದು ಅಂಕ ಕಡಿತ. ಪಂಕ್ತಿಯಲ್ಲಿ ಕೂರಿಸಿ, ಉಂಡವರಿಗೆ ದಂಡ ಹಾಕಿದಂತಾಯಿತಲ್ಲವೇ?

ಉಚ್ಚಂಗೆಮ್ಮ ಚಿಗಟೇರಿ ಪಕ್ಕದ ಹಳ್ಳಿಯ ಕುರಿ ಸಾಕುವ ಮನೆಯ ಹುಡುಗಿ. ಅವಳ ಊರಿನ ಮೊದಲ ಬಸ್ಸು ನಮ್ಮ ಕಾಲೇಜಿರುವ ಹರಪನಹಳ್ಳಿ ಮುಟ್ಟುವುದೇ ಹತ್ತಕ್ಕೆ. ಅವಳು, ಭರತ್, ಚಂದನಾ ಸೇರಿ ಕುರಿಗಳ ಲಸಿಕೆಯ ದಿನ ನೆನಪಿಸುವ ಮೊಬೈಲ್ ಆ್ಯಪ್ ಮಾಡಲು ಹೊರಟರು. ಎರಡು ವಾರವಾದ ಮೇಲೆ ಅವಳು ಅದನ್ನು ತಾಯಿಗೆ ತೋರಿಸಿದಳು. "ನನಗ ಓದಾಕ ಎಲ್ಲಿ ಬರ್ತೈತವ್ವಾ? ಫೋನು ಬಾಯಿಬಿಟ್ಟು ಹೇಳಂಗ ಮಾಡು" ಅಂದರಂತೆ ಆ ತಾಯಿ. ಹುಡುಗಿ ಎಲ್ಲ ಬಿಚ್ಚಿ, ಕನ್ನಡದಲ್ಲಿ ಮಾತಾಡುವಂತೆ ಮತ್ತೆ ಕಟ್ಟಿದಳು. ಈಗ ಆ ಊರಿನ ಆರು ಮಂದೆಗಳವರು ಅದನ್ನು ಬಳಸುತ್ತಿದ್ದಾರೆ. ಪದ್ಧತಿಯನ್ನು ನಿಜವಾಗಿ ಪಾಲಿಸಿದ ಆ ತಪ್ಪಿಗೆ ತಂಡದ ಮೂವರಿಗೂ ಐದೈದು ಅಂಕ ಹೋಯಿತು.

ಆ ಸಭೆಯ ಹಾಜರಿಯನ್ನು ಕಂಪ್ಯೂಟರಿನಲ್ಲಿ ಒತ್ತುವವನು ನಾನು. ದಿನವೂ ಇಬ್ಬರು ನಿಂತ ಫೋಟೊ ಕಳಿಸಿ, ಅವಳ ಹೆಸರಿನ ಮುಂದೆ 'ಗೈರು' ಒತ್ತುತ್ತಿದ್ದೆ. ಸಮಯ ಬದಲಿಸಿ ಎಂದು ತಮಗೆ ಒಂದು ಸಾಲು ಬರೆಯಲಿಲ್ಲ. ಪ್ರತಿ ವರ್ಷ ಮರುನೇಮಕಕ್ಕೆ ಕಾಯುವ ಅತಿಥಿ ಉಪನ್ಯಾಸಕ ನಾನು; ಹೆದರಿದೆ.

ಫಲಿತಾಂಶ ಬಂತು. ಭರತ್‌ಗೆ, ಚಂದನಾಗೆ ನಲವತ್ತೈದು. ಉಚ್ಚಂಗೆಮ್ಮನಿಗೆ ಹಾಜರಿಗೆ ಸೊನ್ನೆ, ಕೆಲಸದ ಇಪ್ಪತ್ತರಲ್ಲಿ ಐದು ಕಳೆದು ಹದಿನೈದು; ಪಾಸಾಗಲು ಇಪ್ಪತ್ತು ಬೇಕು. ಅಂದೇ ಭರತ್ ಅವಳನ್ನು ಕರೆದುಕೊಂಡು ನನ್ನ ಮುಂದೆ ನಿಂತ.

"ಸಾರ್, ಎಲ್ಲಾ ಬರ್ದಾಕಿ ಇಕಿ. ನಾವಿಬ್ರು ನಿಂತ್ಕಂಡು ಫೋಟೊ ತೆಗಿಸ್ಕಂಡ್ವಿ, ಅಷ್ಟ. ನಮ್ದ ಕಡಿಮಿ ಮಾಡಿ ಇಕಿಗೆ ಹಾಕ್ರಿ."

ಉಚ್ಚಂಗೆಮ್ಮ ಅಳಲಿಲ್ಲ. "ಸಾರ್, ಬಂದಾಳ ಅಂತ ಒತ್ತಿದ್ರ ಸುಳ್ಳಾಗ್ತಿತ್ತು, ಒಪ್ಕಂತೀನಿ. ಕೆಲ್ಸನ ಮಾಡಿಲ್ಲ ಅನ್ನಂಗ ಆತಲ್ರಿ, ಇದು ಸುಳ್ಳಲ್ಲೇನ್ರಿ?" ಎಂದಳು. ಹನ್ನೊಂದು ವರ್ಷ ಪಾಠ ಮಾಡಿದ ನಾನು ಆಗ ಭರತ್, ಚಂದನಾ ಇಬ್ಬರಿಂದಲೂ ಹೇಳಿಕೆ ಬರೆಸಿಕೊಂಡೆ.

ಅವನ್ನು ಹಿಡಿದು ತಮ್ಮ ಕಚೇರಿಗೆ ಬಂದೆ. "ಸಿಸ್ಟಮ್ ತಗಳಲ್ರಿ" ಎಂದು ಗುಮಾಸ್ತರು ಕಿಟಕಿಯಲ್ಲೇ ಮರಳಿಸಿದರು. ನಮ್ಮ ಅಂಕಕ್ಕೆ ಕತ್ತರಿ ಹಾಕಿ ಎಂದು ಇಬ್ಬರು ವಿದ್ಯಾರ್ಥಿಗಳೇ ಬೇಡಿದರೂ ಕೇಳದ ವ್ಯವಸ್ಥೆಯಿಂದ ಅವರು ತಂಡವಾಗಿ ದುಡಿಯುವುದನ್ನು ಕಲಿಯಬೇಕೇ?

ದಾವಣಗೆರೆಯಲ್ಲಿ ಎಂಸಿಎ ಸೀಟಿಗೆ ಅವಳು ಇದೇ ತಿಂಗಳ ಇಪ್ಪತ್ತೆಂಟರೊಳಗೆ ಪಾಸಾದ ಅಂಕಪಟ್ಟಿ ತೋರಿಸಬೇಕು. ಆ್ಯಪ್‌ನ ಯಾವ ಸಾಲನ್ನು ಯಾರು, ಯಾವಾಗ ಬರೆದರೆಂಬ ದಾಖಲೆ ಆ ಪ್ರಾಜೆಕ್ಟ್‌ನೊಳಗೇ ಇದೆ. ಅದನ್ನು ತೆರೆದು ನೋಡಿ, ಅಷ್ಟರೊಳಗೆ ಮರುಮೌಲ್ಯಮಾಪನ ಮಾಡಿ. ಮುಂದಿನ ವರ್ಷದಿಂದ ಸಭೆಯ ಹೊತ್ತನ್ನು ತಂಡಗಳೇ ಗೊತ್ತುಮಾಡಿಕೊಳ್ಳಲಿ. ಯಾರನ್ನಾದರೂ ಶಿಕ್ಷಿಸಲೇಬೇಕೆಂದಿದ್ದರೆ ನಾನಿದ್ದೇನೆ. ಆದರೆ ಮೊದಲು ಅವಳ ಅಂಕಪಟ್ಟಿ ತಿದ್ದಿ.

ಇಂತಿ, ಬಾಯಿ ಬಿಡಲು ತಡಮಾಡಿದ
ಗಾದಿಲಿಂಗಪ್ಪ,
ಈ ಪತ್ರ ಅಚ್ಚಾಗುವವರೆಗಾದರೂ ಅತಿಥಿ ಉಪನ್ಯಾಸಕ, ಹರಪನಹಳ್ಳಿ