ರಿಫೈನರಿಯನ್ನು ನಿಲ್ಲಿಸಿದ ಮರಗೆಣಸಿನ ತಟ್ಟೆ

ಮಾನ್ಯ ವ್ಯವಸ್ಥಾಪಕ ನಿರ್ದೇಶಕರೇ,

ಸುಟ್ಟವರೇ ಸುಟ್ಟುಕೊಂಡವಳ ಮೇಲೆ ಮೊಕದ್ದಮೆ ಹೂಡಿದ್ದನ್ನು, ಅರ್ಧ ಆಯುಷ್ಯ ನ್ಯಾಯಾಲಯದಲ್ಲಿ ದುಭಾಷಿಯಾಗಿಯೇ ಕಳೆದ ನಾನು ಈ ಮಳೆಗಾಲದವರೆಗೆ ಕಂಡಿರಲಿಲ್ಲ. ಆ ಕೊರತೆಯನ್ನು ತಾವು ನೀಗಿಸಿದಿರಿ. ನನ್ನ ಹೆಂಡತಿಯ ತಂಗಿ ಅಕ್ಪೆವೆ ಉಮುಕೊರೊ ಎರಡೂ ಮುಂಗೈಗಳಿಗೆ ಪಟ್ಟಿ ಸುತ್ತಿಕೊಂಡು, ಬರುವ ಮಂಗಳವಾರ ಎಕ್ರೋಬೆಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಎರಡನೆಯ ಸಲ ಕಟಕಟೆ ಹತ್ತಲಿದ್ದಾಳೆ. ಆರೋಪ: ರಾಷ್ಟ್ರದ ಎಣ್ಣೆ ಶುದ್ಧೀಕರಣ ಕಾರ್ಖಾನೆಗೆ ಅತಿಕ್ರಮವಾಗಿ ನುಗ್ಗಿ, ಅದರ ಉತ್ಪಾದನೆಗೆ ಉದ್ದೇಶಪೂರ್ವಕವಾಗಿ ಅಡ್ಡಿಪಡಿಸಿದ್ದು. ಆಯುಧ: ಒಂದು ತಟ್ಟೆ ಮರಗೆಣಸಿನ ತುರಿ. ಸಾಬೀತಾದರೆ ಜೈಲು. ಎಣ್ಣೆಗಳ್ಳರಿಗೆಂದು ಬರೆದ ಕಾನೂನಾದ್ದರಿಂದ ಅದರಲ್ಲಿ ವರ್ಷಗಳನ್ನು ಧಾರಾಳವಾಗಿಯೇ ಇಟ್ಟಿದ್ದಾರೆ.

ಹೀಗೆ ಬಹಿರಂಗ ಪತ್ರ ಬರೆಯುವ ಬದಲು ಇದನ್ನು ಖಾಸಗಿಯಾಗಿ ತಿಳಿಸಬಹುದಿತ್ತಲ್ಲ ಎಂದು ತಾವು ಕೇಳಬಹುದು. ತಿಳಿಸಲು ತಮ್ಮ ಕಚೇರಿಗೆ ಬಂದಿದ್ದೆ. ಸಾಹೇಬರು ಅಬುಜಾದಲ್ಲಿದ್ದಾರೆ ಎಂದರು. ಮತ್ತೆ ಬಂದೆ, ಆಗಲೂ ಅಬುಜಾದಲ್ಲೇ ಇದ್ದಿರಿ. ಎಕ್ರೋಬೆಯ ಕಾರ್ಖಾನೆಯನ್ನು ನಡೆಸುವವರು ರಾಜಧಾನಿಯಲ್ಲಿ ವಾಸವಿರುವುದು ನನಗೆ ಮೊದಲು ವಿಚಿತ್ರವೆನಿಸಿತು. ಆಮೇಲೆ, ಕಾರ್ಖಾನೆ ನಡೆಯುತ್ತಿರುವುದೂ ಅಲ್ಲೇ ಇರಬೇಕು, ಇಲ್ಲಂತೂ ನಡೆಯುತ್ತಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ತಾವು ಆ ಕುರ್ಚಿಗೆ ಹೊಸಬರು. ನನ್ನ ನೆನಪು ಆ ಕುರ್ಚಿಗಿಂತ ಹಳೆಯದು. ನಮ್ಮ ದೇಶದ ಅಂತರ್ಯುದ್ಧ ಮುಗಿದು ಎಣ್ಣೆಯ ಬೆಲೆ ಆಕಾಶಕ್ಕೇರಿದ ಕಾಲದಲ್ಲಿ, ಅಳತೆಯ ಸರಪಳಿ ಹಿಡಿದುಕೊಂಡು ಮೊದಲ ಜೀಪು ನಮ್ಮೂರಿಗೆ ಬಂದದ್ದನ್ನು ನಾನು ಕಂಡಿದ್ದೇನೆ. ಅಕ್ಪೆವೆಯ ಅಜ್ಜಿಯ ಮರಗೆಣಸಿನ ಹೊಲ ಇಂದು ತಮ್ಮ ಕಚ್ಚಾ ಎಣ್ಣೆಯ ಟ್ಯಾಂಕುಗಳ ಕೆಳಗಿದೆ. ಹೊಲ ಕೊಟ್ಟವರಿಗೆ ದೀಪ, ನೀರು, ಕೆಲಸ ಕೊಡುತ್ತೇವೆ ಎಂದಿದ್ದರು. ಮುದುಕಿ ಹೆಬ್ಬೆಟ್ಟು ಒತ್ತಿ ಎದ್ದು, ದೀಪ ಎಲ್ಲಿ ಹಚ್ಚುತ್ತೀರಿ ಎಂದು ಕೇಳಿದಳಂತೆ. ಅಧಿಕಾರಿ ಆಕಾಶದ ಕಡೆ ಕೈ ತೋರಿಸಿದನಂತೆ. ಅದೊಂದು ಮಾತನ್ನು ಮಾತ್ರ ಕಾರ್ಖಾನೆ ಉಳಿಸಿಕೊಂಡಿತು. ಹೆಚ್ಚಾದ ಗ್ಯಾಸನ್ನು ಉರಿಸಿ ಬಿಡಲು ಕಟ್ಟಿದ ಎತ್ತರದ ಚಿಮಣಿಯ ತುದಿಯಲ್ಲಿ, ಹಗಲೂ ಇರುಳೂ ಆರದ ಬೆಂಕಿ ಬಂತು.

ಈಗಿನವರು ನಂಬಲಿಕ್ಕಿಲ್ಲ, ಆದರೆ ಆ ಕಾರ್ಖಾನೆ ಒಂದು ಕಾಲದಲ್ಲಿ ನಿಜಕ್ಕೂ ಕೆಲಸ ಮಾಡುತ್ತಿತ್ತು. ಹಳ್ಳದಡಿಯ ಕೊಳವೆಯಲ್ಲಿ ಕಚ್ಚಾ ಎಣ್ಣೆ ಬರುತ್ತಿತ್ತು. ಕುಲುಮೆಯಲ್ಲಿ ಕಾದು, ಗೋಪುರದಲ್ಲಿ ಬೇರ್ಪಟ್ಟು, ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ಲುಗಳಾಗಿ ಟ್ಯಾಂಕರುಗಳಲ್ಲಿ ಉತ್ತರದ ಕಡೆಗೆ ಸಾಲಾಗಿ ಹೊರಡುತ್ತಿತ್ತು. ನಮ್ಮ ಪಾಲಿಗೆ ಉಳಿದದ್ದು ಆ ಬೆಂಕಿ. ಮಳೆಗಾಲದಲ್ಲಿ ಇಲ್ಲಿ ಸೂರ್ಯನೂ ತಮ್ಮ ಹಾಗೆಯೇ, ಅಧಿಕಾರದಲ್ಲಿರುತ್ತಾನೆ, ಊರಿಗೆ ಬರುವುದಿಲ್ಲ. ಹಿಂಡಿಟ್ಟ ಮರಗೆಣಸು ಒಣಗಿ ರವೆಯಾಗದಿದ್ದರೆ ಗಾರಿ ಇಲ್ಲ; ಗಾರಿಯಿಲ್ಲದೆ ನಮ್ಮ ಮನೆಗಳಲ್ಲಿ ಊಟ ಇಲ್ಲ. ಹಾಗಾಗಿ ಹೆಂಗಸರು ತಟ್ಟೆಗಳನ್ನು ಹೊತ್ತು ಚಿಮಣಿಯ ಸುತ್ತಿನ ಬಿಸಿನೆಲಕ್ಕೆ ಹೋಗತೊಡಗಿದರು. ಅಟ್ಟಿ ಅಟ್ಟಿ ಸೋತ ಆಗಿನ ಅಧಿಕಾರಿಗಳು ಕೊನೆಗೆ ಗೋಡೆಯಲ್ಲಿ ಅವರಿಗೆಂದೇ ಒಂದು ಸಣ್ಣ ಬಾಗಿಲು ಇಟ್ಟರು. ಊರು ಅದನ್ನು ಗಾರಿ ಗೇಟು ಎಂದು ಕರೆಯಿತು. ಆ ಹೊಗೆಯಲ್ಲಿ ಒಣಗಿದ್ದು ಆರೋಗ್ಯಕ್ಕೆ ಒಳ್ಳೆಯದೆಂದು ನಾನು ವಾದಿಸುತ್ತಿಲ್ಲ. ಊರಿನ ಅರ್ಧ ಕೆಮ್ಮು ಅಲ್ಲಿಂದಲೇ ಬಂದದ್ದು. ಆದರೆ ಹೊಲ ಕೊಟ್ಟವರಿಗೆ ಕಾರ್ಖಾನೆಯಿಂದ ಮರಳಿ ಸಿಕ್ಕ ಬಾಡಿಗೆ ಆ ಬಿಸಿಯೊಂದೇ.

ಆಮೇಲೆ ಬೆಂಕಿ ಸಣ್ಣಗಾಯಿತು, ಬಿಟ್ಟು ಬಿಟ್ಟು ಉರಿಯಿತು, ಒಂದು ದಿನ ಆರಿತು. ಅಂದಿನಿಂದ ಕಾರ್ಖಾನೆ ‘ಸಮಗ್ರ ದುರಸ್ತಿ’ಯಲ್ಲಿದೆ. ತಮ್ಮ ಹಿಂದಿನವರೊಬ್ಬರು ಬಿಡಿಭಾಗ ಹಡಗಿನಲ್ಲಿದೆ ಎಂದರು. ಅವರ ನಂತರದವರು ಹಡಗು ಬಂದಿದೆ, ಬಿಡಿಭಾಗ ಬೇರೆ ಕಾರ್ಖಾನೆಯದು ಎಂದರು. ಮತ್ತೊಬ್ಬರು ಕ್ರಿಸ್‌ಮಸ್ಸಿಗೆ ಪೆಟ್ರೋಲು ಎಂದರು, ಯಾವ ವರ್ಷದ ಕ್ರಿಸ್‌ಮಸ್ಸು ಎಂದು ಹೇಳದಷ್ಟು ಜಾಣರಾಗಿದ್ದರು. ನಮ್ಮಲ್ಲಿ ಈಗ ಮದುವೆಯನ್ನು ಮುಂದೂಡುತ್ತಲೇ ಇರುವ ಗಂಡಿಗೆ ‘ದುರಸ್ತಿಯಲ್ಲಿದ್ದಾನೆ’ ಎನ್ನುತ್ತಾರೆ. ಇಷ್ಟರ ಮಧ್ಯೆ ನಮ್ಮ ನೆಲದ ಎಣ್ಣೆ ಸಮುದ್ರ ದಾಟಿ ಹೋಗಿ, ಪರದೇಶದಲ್ಲಿ ಪೆಟ್ರೋಲಾಗಿ, ಮತ್ತೆ ಸಮುದ್ರ ದಾಟಿ ಬಂದು, ತಮ್ಮ ಕಾರ್ಖಾನೆಯ ಹೆಬ್ಬಾಗಿಲಿನ ಎದುರೇ ಬಾಟಲಿಗಳಲ್ಲಿ ಮಾರಾಟವಾಗುತ್ತಿದೆ. ತಮ್ಮ ಕಾವಲುಗಾರರ ಮೋಟಾರ್ ಬೈಕುಗಳೂ ಅಲ್ಲಿಯೇ ಬಾಯಿ ತೆರೆದು ನಿಲ್ಲುತ್ತವೆ. ಮೀನಿನ ಕೆರೆಯ ದಡದಲ್ಲಿ ಡಬ್ಬಿ ಮೀನು ತಿನ್ನುವ ದೇಶ ನೈಜೀರಿಯಾ ಒಂದೇ ಅಲ್ಲದಿರಬಹುದು. ಡಬ್ಬಿ ತೆರೆದದ್ದಕ್ಕೆ ಸಮಾರಂಭ ಮಾಡುವ ದೇಶ ಇದೊಂದೇ ಇರಬೇಕು.

ಸಮಾರಂಭದ ಮಾತಿಗೆ ಬರುತ್ತೇನೆ. ಕಾರ್ಖಾನೆ ಮರುಜನ್ಮ ತಾಳಿದೆ ಎಂದು ತಾವು ಸಾರಿದಿರಿ. ಶಾಮಿಯಾನ ಬಂತು, ಬ್ಯಾಂಡು ಬಂತು, ಒಂದೇ ನಮೂನೆಯ ಬಟ್ಟೆ ತೊಟ್ಟ ಕುಣಿತದವರು ಬಂದರು, ರಾಜಧಾನಿಯಿಂದ ಅತಿಥಿಗಳು ಬಂದರು. ಇವರೆಲ್ಲರಿಗಿಂತ ಮೊದಲು ಬಂದದ್ದು ಗ್ಯಾಸಿನ ಲಾರಿಗಳು. ಅಡುಗೆಗೆ ಬಳಸುವ ಗ್ಯಾಸ್, ಬಂದರಿನ ಖಾಸಗಿ ಗೋದಾಮಿನದು. ಅದರ ಚಾಲಕನೊಬ್ಬ ಪೇಟೆಯ ಮೆಣಸಿನ ಸಾರಿನ ಅಂಗಡಿಯಲ್ಲಿ ಕೂತು, ತನಗೆ ಬಂದ ಅನುಮಾನವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡ. ಗ್ಯಾಸ್ ಮಾಡುವವರಿಗೆ ಗ್ಯಾಸ್ ಮಾರಲು ಬಂದಿದ್ದೇನೆ, ವಿಳಾಸ ತಪ್ಪಿತೇನೋ ಎಂದು ಗೇಟಿನಲ್ಲಿ ಎರಡು ಸಲ ಕೇಳಿದನಂತೆ. ವಿಳಾಸ ಸರಿಯಾಗಿತ್ತು. ಹೆಣಕ್ಕೆ ಶೃಂಗಾರ ಮಾಡಬೇಡ ಎಂದು ಹಿರಿಯರು ಹೇಳಿದ್ದಾರೆ. ತಾವು ಶೃಂಗಾರಕ್ಕೆ ನಿಲ್ಲದೆ ಹೆಣದ ಬಾಯಲ್ಲಿ ಸಿಗರೇಟು ಇಟ್ಟು ಹಚ್ಚಿದಿರಿ, ಉಸಿರಾಡುತ್ತಿದೆ ನೋಡಿ ಎಂದು ಟಿ.ವಿ.ಯವರಿಗೆ ತೋರಿಸಿದಿರಿ.

ಚಿಮಣಿಯ ತುದಿಯಲ್ಲಿ ಬೆಂಕಿ ಕಂಡಾಗ ಇಡೀ ದೇಶ ಟಿ.ವಿ.ಯ ಮುಂದೆ ಕೂತು ನಕ್ಕಿತು. ನಗದೆ ಇದ್ದವರು ಎಕ್ರೋಬೆಯ ಹೆಂಗಸರು ಮಾತ್ರ. ಅವರು ನಂಬಿದರು. ಕಾರಣ ಸರಳ. ತಾವು ಮಾಡಿದ ಭಾಷಣವನ್ನು ಅವರು ಕೇಳಿರಲಿಲ್ಲ, ಬೆಂಕಿಯನ್ನು ಮಾತ್ರ ನೋಡಿದ್ದರು. ಅವರ ಅನುಭವದಲ್ಲಿ ಮನುಷ್ಯರು ಸುಳ್ಳು ಹೇಳುತ್ತಾರೆ, ಆ ಬೆಂಕಿ ಯಾವತ್ತೂ ಹೇಳಿರಲಿಲ್ಲ. ಒಮ್ಮೆ ಹತ್ತಿದರೆ ತಿಂಗಳುಗಟ್ಟಲೆ ಉರಿಯುತ್ತಿತ್ತು. ವಾರದಿಂದ ಮಳೆ ಹಿಡಿದಿತ್ತು. ಹಿಂಡಿದ ಮರಗೆಣಸು ಪ್ರತಿ ಮನೆಯಲ್ಲೂ ಹುಳಿ ಬಂದು ಕೂತಿತ್ತು.

ನನ್ನ ಹೆಂಡತಿಗೆ ಮಾತ್ರ ಅನುಮಾನವಿತ್ತು. ತಂಗಿ ತಟ್ಟೆ ಎತ್ತಿಕೊಳ್ಳುವಾಗ ಬಾಗಿಲಲ್ಲೇ ತಡೆದಳು.

“ಸತ್ತು ಎಷ್ಟೋ ವರ್ಷ ಆದ ಗಂಡ ಎದ್ದು ಬಂದು ಊಟ ಹಾಕು ಅಂದ್ರೆ, ಮೊದ್ಲು ಅವನಿಗೆ ನೆರಳಿದ್ಯಾ ನೋಡ್ಬೇಕು ಕಣೆ.”

“ನೆರಳು ಆಮೇಲೆ ನೋಡೋಣ ಅಕ್ಕ,” ಅಂದಳು ಅಕ್ಪೆವೆ. “ಮೈ ಬಿಸಿಯಾಗಿದ್ರೆ ಸಾಕು ನಂಗೆ.”

ಹೆಂಗಸರೆಲ್ಲ ನಗುತ್ತ ಹೋದರು. ಗಾರಿ ಗೇಟಿನ ಕಾವಲಿನವನು ತಾನಾಗಿಯೇ ಚಿಲಕ ತೆಗೆದು, ಒಣಗಿದ ಮೇಲೆ ತನ್ನ ಹೆಂಡತಿಗೂ ಒಂದು ಹಿಡಿ ಇರಲಿ ಎಂದನಂತೆ. ಅವನನ್ನು ತಾವು ಈಗ ದೇಶದ ಇನ್ನೊಂದು ತುದಿಗೆ ವರ್ಗ ಮಾಡಿದ್ದೀರಿ. ಅಕ್ಪೆವೆ ಎಲ್ಲರಿಗಿಂತ ಮುಂದೆ ಹೋಗಿ, ತನ್ನ ತಾಯಿ ಕೂರುತ್ತಿದ್ದ ಜಾಗದಲ್ಲೇ ತಟ್ಟೆ ಇಟ್ಟು ತುರಿಯನ್ನು ಕೈಯಿಂದ ಹರಡುತ್ತಿದ್ದಳು. ಶಾಮಿಯಾನದಲ್ಲಿ ಚಪ್ಪಾಳೆ ಕೇಳಿಸಿತು. ಬೆಂಕಿ ಇನ್ನೂ ದೊಡ್ಡದಾಗಿ ಕಾಣಲಿ ಎಂದು ಯಾರೋ ಅಪ್ಪಣೆ ಕೊಟ್ಟಿರಬೇಕು, ಗ್ಯಾಸ್ ಜೋರಾಯಿತು. ಚಿಮಣಿಯ ಬುಡದ ತೊಟ್ಟಿಯನ್ನು ವರ್ಷಗಳಿಂದ ಯಾರೂ ಬರಿದು ಮಾಡಿರಲಿಲ್ಲ. ಅಲ್ಲಿ ನಿಂತಿದ್ದ ಹಳೆಯ ಎಣ್ಣೆ ಗ್ಯಾಸಿನ ಜೊತೆ ಮೇಲೇರಿ, ಹತ್ತಿಕೊಂಡು, ಹನಿಹನಿಯಾಗಿ ಕೆಳಗೆ ಸುರಿಯಿತು. ಇದನ್ನು ನಾನು ಊಹಿಸಿ ಬರೆಯುತ್ತಿಲ್ಲ. ತಮ್ಮದೇ ಇಂಜಿನಿಯರೊಬ್ಬರು ಆಸ್ಪತ್ರೆಗೆ ಬಂದು, ಅಕ್ಪೆವೆಯ ಮಂಚದ ಪಕ್ಕ ನಿಂತು, ತಲೆ ಎತ್ತದೆ ಹೇಳಿದ್ದು. ಅವರ ಹೆಸರನ್ನು ನನ್ನಿಂದ ನಿರೀಕ್ಷಿಸಬೇಡಿ.

ಬೆಂಕಿಯ ಮಳೆಗೆ ಉಳಿದವರು ಹಿಂದಕ್ಕೆ ಓಡಿದರು. ತಲೆಗೆ ಅಡ್ಡ ಹಿಡಿದ ಅಕ್ಪೆವೆಯ ಮುಂಗೈಗಳಿಗೂ ಬೆರಳುಗಳಿಗೂ ಆ ಎಣ್ಣೆ ಅಂಟಿಕೊಂಡು ಉರಿಯಿತು. ಇಂದು ಅವಳ ಬೆರಳುಗಳು ಮಡಚುವುದಿಲ್ಲ. ಮರಗೆಣಸು ತುರಿಯುವುದು, ಹಿಂಡುವುದು, ಹುರಿಯುವುದು, ಅವಳ ಬದುಕಿನ ಎಲ್ಲ ಕೆಲಸಕ್ಕೂ ಮಡಚುವ ಬೆರಳು ಬೇಕು. ನನ್ನ ಹೆಂಡತಿ ಅವಳಿಗೆ ತುತ್ತು ಕಲಸಿ ತಿನ್ನಿಸುತ್ತಾಳೆ. ತುತ್ತು ದೊಡ್ಡದಾಯಿತು ಎಂದು ತಂಗಿ ಬೈಯುತ್ತಾಳೆ. ಬೈಗುಳ ಇರುವವರೆಗೆ ಭಯವಿಲ್ಲ ಎಂದು ನಾವು ತಿಳಿದಿದ್ದೆವು, ಪೊಲೀಸರು ಮನೆಗೆ ಬರುವವರೆಗೆ.

ಅವರು ಬಂದದ್ದೇಕೆಂದರೆ, ಅತಿಥಿಗಳು ವಿಮಾನ ಹತ್ತುವ ಮೊದಲೇ ಬೆಂಕಿ ಆರಿತ್ತು. ಲಾರಿಗಳಲ್ಲಿದ್ದ ಗ್ಯಾಸ್ ಅಷ್ಟೇ. ದೇಶ ಮತ್ತೆ ನಗಲು ಬಾಯಿ ತೆರೆಯಿತು. ಆಗ ತಮ್ಮ ಕಚೇರಿ ಪ್ರಕಟಣೆ ಹೊರಡಿಸಿತು: ಅತಿಕ್ರಮಣಕಾರರ ವಿಧ್ವಂಸಕ ಕೃತ್ಯದಿಂದಾಗಿ ಉತ್ಪಾದನೆಯನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಲಾಗಿದೆ. ಕುಣಿಯಲಾರದವಳು ಅಂಗಳ ಡೊಂಕು ಎಂದದ್ದನ್ನು ಕೇಳಿದ್ದೇವೆ. ಅಂಗಳದಲ್ಲಿ ಗಾರಿ ಒಣಹಾಕಿದವಳನ್ನು ಹಿಡಿದು ಜೈಲಿಗೆ ಕಳಿಸಿ ಎಂದದ್ದನ್ನು ಈಗ ಕೇಳುತ್ತಿದ್ದೇವೆ. ತಮ್ಮ ಇಂಜಿನಿಯರುಗಳು, ಸಲಹೆಗಾರರು, ಲಂಡನ್ನಿನ ಗುತ್ತಿಗೆದಾರರು ಎಲ್ಲ ಸೇರಿ ಇಷ್ಟು ವರ್ಷ ಅಲುಗಾಡಿಸಲಾಗದ ಕಾರ್ಖಾನೆಯನ್ನು ಒಬ್ಬ ಹೆಂಗಸು ಒಂದು ತಟ್ಟೆಯಿಂದ ನಿಲ್ಲಿಸಿಬಿಟ್ಟಳೇ? ಹಾಗಿದ್ದರೆ ಅವಳನ್ನು ಜೈಲಿಗೇಕೆ ಕಳಿಸುತ್ತೀರಿ? ತಮ್ಮ ಕುರ್ಚಿಯಲ್ಲಿ ಕೂರಿಸಿ. ಆ ಯಂತ್ರಗಳ ಮೇಲೆ ಪರಿಣಾಮ ಬೀರಬಲ್ಲವರು ಬಹುಕಾಲದ ನಂತರ ಒಬ್ಬರಾದರೂ ಸಿಕ್ಕರಲ್ಲ.

ಮೊದಲ ವಿಚಾರಣೆಯ ದಿನ ನಾನು ಕೋರ್ಟಿನಲ್ಲಿದ್ದೆ. ಮ್ಯಾಜಿಸ್ಟ್ರೇಟರು ಬೇರೆ ಸೀಮೆಯವರು, ನಮ್ಮ ಮಾತು ಬಾರದು. ಆರೋಪವನ್ನು ಇಂಗ್ಲಿಷಿನಲ್ಲಿ ಓದಿದರು. ಈಗಿನ ದುಭಾಷಿ ‘ಉತ್ಪಾದನೆ’ ಎಂಬಲ್ಲಿ ತಡವರಿಸಿದ. ಆ ಪದ ಎಲ್ಲ ದುಭಾಷಿಗಳಿಗೂ ಎಡವುಗಲ್ಲು; ನನ್ನ ಸೇವೆಯ ಕಾಲದಲ್ಲಿ ನಾನೂ ಎಡವಿದ್ದೇನೆ. ಅವಸರದಲ್ಲಿ ಅವನಿಗೆ ಸಿಕ್ಕಿದ್ದು ಮನೆಮಾತಿನ ಪದ.

“ಅಕ್ಕ, ಕಾರ್ಖಾನೆ ಹೆರ್ತಾ ಇದ್ದಾಗ ನೀನು ಅಡ್ಡ ಹೋದೆ ಅಂತಾರೆ. ಏನಂತೀಯ?”

ಅಕ್ಪೆವೆ ಪಟ್ಟಿ ಸುತ್ತಿದ ಕೈಗಳನ್ನು ಕಟಕಟೆಯ ಮೇಲಿಟ್ಟಳು.

“ಹೆರಬೇಕಾದ್ರೆ ಮೊದ್ಲು ಬಸಿರಾಗಿರ್ಬೇಕಲ್ಲಪ್ಪ. ಆಗಿತ್ತಾ ಅಂತ ಕೇಳು.”

ಪೇದೆಗಳು ನಕ್ಕರು. ಗುಮಾಸ್ತರು ನಕ್ಕರು. ತಮ್ಮ ಕಡೆಯ ವಕೀಲರು, ಅವರೂ ಈ ಸೀಮೆಯವರೇ, ಕಾಗದದಲ್ಲಿ ಮುಖ ಮರೆಸಿಕೊಂಡರು. ಏನು ಹೇಳಿದಳು ಎಂದು ಮ್ಯಾಜಿಸ್ಟ್ರೇಟರು ಕೇಳಿದರು.

“ತಪ್ಪು ಮಾಡಿಲ್ಲ ಅಂತಾಳೆ, ಮಹಾಸ್ವಾಮಿ,” ಅಂದ ದುಭಾಷಿ.

ಅವನು ಸುಳ್ಳು ಹೇಳಲಿಲ್ಲ, ಹೆದರಿ ಅರ್ಧ ಹೇಳಿದ. ಕೋರ್ಟಿನ ಕಡತಕ್ಕೆ ಆ ಅರ್ಧ ಮಾತ್ರ ಹೋಯಿತು. ದುಭಾಷಿಯ ಕುರ್ಚಿಯಲ್ಲಿ ಬಹುಕಾಲ ಕೂತಿದ್ದವನಾಗಿ ಮಿಕ್ಕರ್ಧವನ್ನು ಇಲ್ಲಿ ಅನುವಾದಿಸುತ್ತಿದ್ದೇನೆ. ಈ ಪತ್ರದ ಉದ್ದೇಶ ಇಷ್ಟೇ. ಆ ದಿನ ತಮ್ಮ ಕಾರ್ಖಾನೆ ಏನನ್ನು ಉತ್ಪಾದಿಸುತ್ತಿತ್ತು? ಕುಲುಮೆ ಉರಿಯುತ್ತಿತ್ತೇ? ಕೊಳವೆಯಲ್ಲಿ ಕಚ್ಚಾ ಎಣ್ಣೆ ಬಂದಿತ್ತೇ? ಒಂದು ಬಾಟಲಿಯಷ್ಟು ಪೆಟ್ರೋಲು ಹೊರಬಂದಿದ್ದರೆ ಅದು ಎಲ್ಲಿ? ಹೊರಬಂದಿಲ್ಲವಾದರೆ ಅವಳು ಅಡ್ಡಿಪಡಿಸಿದ್ದು ಯಾವುದಕ್ಕೆ? ನಾಟಕಕ್ಕೆ ಅಡ್ಡಿಪಡಿಸುವುದು ಅಪರಾಧವಾದರೆ ಅದರ ಕಲಮನ್ನು ತಮ್ಮ ವಕೀಲರು ತೋರಿಸಲಿ. ನನ್ನ ಸೇವೆಯ ಕಾಲದಲ್ಲಂತೂ ಅಂಥ ಕಲಮನ್ನು ನಾನು ಯಾವ ಆರೋಪಿಗೂ ಅನುವಾದಿಸಿ ಹೇಳಿದ್ದಿಲ್ಲ. ನನಗೆ ತಿಳಿದಂತೆ ಈ ಎಲ್ಲ ವರ್ಷಗಳಲ್ಲಿ ತಮ್ಮ ಕಾರ್ಖಾನೆಯಿಂದ ಹೊರಬಂದ ಉತ್ಪನ್ನ ಒಂದೇ. ಅದು ಸದ್ಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿ, ಸೊಳ್ಳೆ ಹೊಡೆಯಲು ಕೂಡ ಅಕ್ಕನನ್ನು ಕೂಗುತ್ತದೆ.

ಮಂಗಳವಾರದ ಒಳಗೆ ತಾವು ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಬೇಕು. ಇಲ್ಲವೇ ಅಬುಜಾದಿಂದ ಖುದ್ದಾಗಿ ಬಂದು, ಸಾಕ್ಷಿಯ ಕಟ್ಟೆ ಹತ್ತಿ, ದೇವರ ಮೇಲೆ ಆಣೆ ಮಾಡಿ, ಆ ದಿನ ಕಾರ್ಖಾನೆ ಉತ್ಪಾದನೆಯಲ್ಲಿತ್ತು ಎಂದು ಹೇಳಬೇಕು. ಆಣೆ ಮಾಡಿ ಸುಳ್ಳು ಹೇಳುವುದಕ್ಕೆ ಕಲಮು ಖಂಡಿತವಾಗಿ ಇದೆ. ಅದನ್ನು ಬೇಕಾದಷ್ಟು ಸಲ ಅನುವಾದಿಸಿದ್ದೇನೆ.

ಕ್ಷಮೆಯನ್ನೂ ಕೇಳಬೇಕು ಎಂದು ಬರೆಯುವವನಿದ್ದೆ. ಬರೆದದ್ದನ್ನು ಓದಿ ಹೇಳಿದಾಗ ಅಕ್ಪೆವೆ ಬೇಡ ಎಂದಳು.

“ಅದನ್ನ ಹೊಡ್ದ್ ಹಾಕು ಭಾವ. ದೊಡ್ಡೋರು ತಪ್ಪಾಯ್ತು ಅಂದ್ರೆ ನಾನು ಪರವಾಗಿಲ್ಲ ಬಿಡಿ ಅನ್ಬೇಕಾಗತ್ತೆ. ನಂಗೆ ಪರವಾಗಿದೆ.”

ಆದ್ದರಿಂದ ಕ್ಷಮೆ ಕೇಳಬೇಡಿ. ಮೊಕದ್ದಮೆ ತೆಗೆಯಿರಿ.

ಇಂತಿ,
ಮಂಗಳವಾರ ಕೋರ್ಟಿನ ಹಿಂದಿನ ಬೆಂಚಿನಲ್ಲಿ, ಯಾರೂ ಕರೆಯದಿದ್ದರೂ ಬಂದು ಕೂರಲಿರುವ
ಸಿಲೋಕೊ ಅಗ್ಬೊಗಿಡಿ
ನಿವೃತ್ತ ದುಭಾಷಿ, ಎಕ್ರೋಬೆ