ಕೆಂಪು ಎಡಕ್ಕಿರಲಿ

ಹಿರೇಕಣವಿ ಇಳಿದಾಣ
ಇಸವಿ ೨೧೭೪, ಬೇಗೆತಿಂಗಳ ನಲವತ್ತೊಂದನೆಯ ದಿನ

ನಮ್ಮೂರ ಬಯಲಿನಲ್ಲಿ ವಿಮಾನ ಇಳಿಯುವ ಪಟ್ಟಿ ಕಟ್ಟುತ್ತಿರುವ ಹಿರಿಯರಿಗೆ, ದ್ಯಾಮವ್ವನ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಮೇ ಮುಗಿದರೂ ಬಿಸಿಲು ಮುಗಿಯದೆ ಹೋದಾಗ ನಮ್ಮ ಅಜ್ಜಂದಿರು ಇನ್ನೊಂದು ತಿಂಗಳು ಸೇರಿಸಿ ಅದಕ್ಕೆ ಬೇಗೆತಿಂಗಳು ಎಂದು ಹೆಸರಿಟ್ಟರು. ಮಳೆಗಾಲ ಹಿಡಿಯುವವರೆಗೆ ಅದರ ದಿನ ಎಣಿಸುತ್ತಲೇ ಇರುತ್ತೇವೆ. ನನ್ನ ಮಾತುಗಳು ವಿಚಿತ್ರವಾಗಿ ಕಂಡರೆ ಮನ್ನಿಸಿ. ಹಿಂದಿನ ಕಾಲದವರಿಗೆ ಕಾಗದ ಒಯ್ಯುವ ಹಿಂದಂಚೆಗೆ ಇದನ್ನು ಹಾಕುತ್ತಿದ್ದೇನೆ. ತಲುಪಿತೆಂದು ಇದುವರೆಗೆ ಯಾರಿಗೂ ರಸೀದಿ ಬಂದಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನನಗೆ ಹೆದರಿಕೆಯಾಗಿದೆ.

ನಮ್ಮ ಕಾಲದಲ್ಲಿ ರಸ್ತೆಗಳೆಲ್ಲ ಮಣ್ಣಿನಡಿ ಹೋಗಿವೆ. ಊರಿಂದೂರಿಗೆ ಹೋಗಲು ತುಂಬಿ ಬೇಕು. ತುಂಬಿ ಎಂದರೆ ಹೊಂಗೆ ಎಣ್ಣೆಯಲ್ಲಿ ಹಾರುವ, ಇಬ್ಬರು ಕೂರುವಷ್ಟು ಪುಟ್ಟ ವಿಮಾನ. ನಿಮ್ಮಲ್ಲಿ ಮನೆಗೊಂದು ಬೈಕು ಇದ್ದಂತೆ ನಮ್ಮಲ್ಲಿ ಓಣಿಗೊಂದು ತುಂಬಿ. ಇಳಿದಾಣ ನೋಡಿಕೊಳ್ಳುವುದು ನನ್ನ ಕೆಲಸ. ಕಸ ಗುಡಿಸಬೇಕು, ನಾಯಿ ಓಡಿಸಬೇಕು, ಬಾನುಲಿ ಮುಂದೆ ಕೂತು ಬರುವವರಿಗೆ ಗಾಳಿಯ ಸುದ್ದಿ ಹೇಳಬೇಕು. ಧೂಳೆದ್ದರೆ ಮೇಲಿನವರಿಗೆ ನೆಲವೆಲ್ಲ ಒಂದೇ ಬಣ್ಣ. ಸುಣ್ಣದ ಗೆರೆ ಎಳೆದರೆ ಅರ್ಧ ಗಂಟೆಯಲ್ಲಿ ಮುಚ್ಚಿಹೋಗುತ್ತದೆ. ಪಟ್ಟಿಯ ದಕ್ಷಿಣದ ಅಂಚಿಗೆ ಊರವರು ಒಣಹಾಕುವ ಮೆಣಸಿನಕಾಯಿ ಮಾತ್ರ ಮುಚ್ಚುವುದಿಲ್ಲ. ಹೆಂಗಸರು ಗಳಿಗೆಗೊಮ್ಮೆ ಕೈಯಾಡಿಸುತ್ತಿರುತ್ತಾರೆ. ಆದ್ದರಿಂದ ಹಾರುವವರಿಗೆ ನಾವು ಕಲಿಸುವುದು ಒಂದೇ ಪಾಠ: ಪೂರ್ವದಿಂದ ಬಾ, ಕೆಂಪನ್ನು ಎಡಕ್ಕಿಟ್ಟುಕೊಂಡು ಇಳಿ. ಬಲಕ್ಕೆ, ಉತ್ತರದ ಅಂಚಿಗೆ, ನೀವು ತೋಡುತ್ತಿರುವ ಕಲ್ಲಿನ ಚರಂಡಿ ಇದೆ. ಅದರಲ್ಲಿ ನೀರು ಹರಿದದ್ದನ್ನು ನಾನು ಒಮ್ಮೆಯೂ ನೋಡಿಲ್ಲ.

ಎಂಟು ದಿನದ ಹಿಂದೆ ನಾಲ್ಕು ಹನಿ ಬಿದ್ದು ದಕ್ಷಿಣದ ಅಂಚು ಹಸಿಯಾಯಿತು. ಕಾಯಿಗೆ ಬೂಷ್ಟು ಹಿಡಿದೀತೆಂದು ನಾನೇ ಮುಂದೆ ನಿಂತು ಎಲ್ಲವನ್ನೂ ಉತ್ತರಕ್ಕೆ, ಚರಂಡಿಯ ಪಕ್ಕಕ್ಕೆ ಸಾಗಿಸಿದೆ. ನನ್ನ ತಲೆಯಲ್ಲಿ ಇದ್ದದ್ದು ಮೆಣಸಿನಕಾಯಿ ಮಾತ್ರ. ಮಧ್ಯಾಹ್ನ ಧೂಳೆದ್ದಿತು. ಗದಗಿನಿಂದ ನನ್ನ ತಮ್ಮ ಫಕ್ಕೀರೇಶ ಬರುತ್ತಿದ್ದ. ಬಾನುಲಿಯಲ್ಲಿ, “ಕೆಂಪು ಕಂಡ್ತು ಅಕ್ಕಾ, ಎಡಕ್ಕ ಇಟ್ಕೊಂಡು ಇಳಸ್ತೀನಿ” ಎಂದ. “ಹೂಂ, ಬಾರಪಾ” ಎಂದೆ. ಅಂದ ಮೇಲೆ ನೆನಪಾಯಿತು, ಈಗ ಕೆಂಪಿನ ಬಲಕ್ಕಿರುವುದು ಪಟ್ಟಿಯಲ್ಲ, ಚರಂಡಿ. “ಬ್ಯಾಡ, ಮ್ಯಾಲ ಎಬ್ಬಸು” ಎಂದು ಕೂಗುವಷ್ಟರಲ್ಲಿ ಚಕ್ರ ಚರಂಡಿಗೆ ಬಿದ್ದು ತುಂಬಿ ಮಗುಚಿತ್ತು. ಎರಡು ದಿನ ಬದುಕಿದ್ದ. ನನ್ನನ್ನು ಒಂದು ಮಾತೂ ಬೈಯಲಿಲ್ಲ. “ಕಾಯಿ ಒಳಗ ತಗೊಂಡ್ರೇನಕ್ಕಾ?” ಎಂದು ಕೇಳಿದ.

ಇವತ್ತು ನನ್ನ ಮಗಳು ಶಿವಗಂಗಾ ಬರುತ್ತಿದ್ದಾಳೆ. ಒಬ್ಬಳೇ ತುಂಬಿ ಹಾರಿಸುತ್ತಿರುವುದು ಇದೇ ಮೊದಲು. ಮಾವ ತೀರಿಕೊಂಡದ್ದು ಅವಳಿಗೆ ಗೊತ್ತು. ಹೇಗೆಂದು ಹೇಳುವ ಧೈರ್ಯ ನನಗೆ ಬಂದಿಲ್ಲ. ಮತ್ತೆ ಧೂಳೆದ್ದಿದೆ. ಬಾನುಲಿಯಲ್ಲಿ ಬೆಳಗಿನಿಂದ ಬರೀ ಕೊರಕೊರ ಸದ್ದು. ಭಯಬಿದ್ದು ಊರವರು ಇಲ್ಲಿ ಮೆಣಸಿನಕಾಯಿ ಹಾಕುವುದನ್ನೇ ಬಿಟ್ಟಿದ್ದಾರೆ. ಮನೆಮನೆಗೆ ಹೋಗಿ ಕೆಂಪು ಸೀರೆ ಬೇಡಿ ತಂದು, ದಕ್ಷಿಣದ ಅಂಚಿಗೆ ಹಾಸಿ ಕಲ್ಲು ಹೇರಿದ್ದೇನೆ. ಅದರಲ್ಲಿ ನನ್ನ ಮದುವೆಯ ಸೀರೆಯೂ ಇದೆ. ಗಾಳಿ ಅವುಗಳ ಸೆರಗು ಎತ್ತುತ್ತಿದೆ.

ಹಿರಿಯರೇ, ಬೇಡುವುದು ಇಷ್ಟೇ. ಆ ಚರಂಡಿ ತೋಡಬೇಡಿ. ತೋಡಿ ಆಗಿದ್ದರೆ ಮುಚ್ಚಿಬಿಡಿ. ನಿಮಗೆ ಅದು ಒಂದು ದಿನದ ಸಲಿಕೆ ಕೆಲಸ.

ಇಷ್ಟು ಬರೆದು ಕಿಟಕಿಯಿಂದ ನೋಡಿದೆ. ಚರಂಡಿ ಅಲ್ಲೇ ಇದೆ. ಅಂದರೆ ಈ ಕಾಗದ ನಿಮ್ಮ ಕೈ ಸೇರಿಲ್ಲ. ಪೂರ್ವದಲ್ಲಿ ತುಂಬಿಯ ಸದ್ದು ಕೇಳುತ್ತಿದೆ. ನನ್ನ ಮದುವೆಯ ಸೀರೆ ಕಲ್ಲು ಕೊಡವಿಕೊಂಡು ಪಟ್ಟಿಯ ಮೇಲೆ ಹೊರಳುತ್ತ ಉತ್ತರಕ್ಕೆ ಹೊರಟಿದೆ. ನಾನು ಓಡಬೇಕು.